ನಾಕೌಟ್ ಫುಟ್‌ಬಾಲ್: ಎಣಿಕೆ ಚಿಕ್ಕದಾದಾಗ ಮಾಪನ ಏನು ಹೇಳುತ್ತದೆ?

2025ರ ಮಾರ್ಚ್ 6ರ ಬೆಳಿಗ್ಗೆ ನಮ್ಮ ಬಿ.ಎಸ್‌ಸಿ. ಪ್ರಯೋಗಾಲಯಕ್ಕೆ ಬಂದ ವಿದ್ಯಾರ್ಥಿಗಳಲ್ಲಿ ಇಬ್ಬರ ಕಣ್ಣುಗಳು ಕೆಂಪಾಗಿದ್ದವು. ವಿಚಾರಿಸಿದಾಗ, ರಾತ್ರಿ ಒಂದೂವರೆಗೆ ಶುರುವಾದ ಫುಟ್‌ಬಾಲ್ ಪಂದ್ಯವನ್ನು ಕೊನೆಯವರೆಗೂ ನೋಡಿ ಬಂದಿದ್ದಾರೆಂದು ತಿಳಿಯಿತು. ಪಂದ್ಯ ನಡೆದದ್ದು ಪ್ಯಾರಿಸ್ಸಿನಲ್ಲಿ. ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಟೂರ್ನಿಯ ನಾಕೌಟ್ ಹಂತ ಅದು. ಆತಿಥೇಯ ಪ್ಯಾರಿಸ್ ಸೇಂಟ್ ಜರ್ಮೇನ್ (ಮುಂದೆ ಇದನ್ನು ಪಿಎಸ್‌ಜಿ ಎಂದು ಕರೆಯೋಣ) ತಂಡ ಎದುರಾಳಿ ಲಿವರ್‌ಪೂಲ್‌ನ ಗೋಲಿನತ್ತ 27 ಹೊಡೆತಗಳನ್ನು ಹೊಡೆಯಿತು. ಲಿವರ್‌ಪೂಲ್ ಹೊಡೆದದ್ದು ಎರಡೇ. ಅದರಲ್ಲಿ ಒಂದು, 87ನೇ ನಿಮಿಷದಲ್ಲಿ, ಗೋಲಾಯಿತು. ಫಲಿತಾಂಶ: ಲಿವರ್‌ಪೂಲ್ 1, ಪಿಎಸ್‌ಜಿ 0.

"ಸರ್, ಇಪ್ಪತ್ತೇಳು ಸಲ ಹೊಡೆದವರು ಸೋತರು, ಎರಡು ಸಲ ಹೊಡೆದವರು ಗೆದ್ದರು. ಇದರಲ್ಲಿ ನ್ಯಾಯ ಎಲ್ಲಿದೆ?" ಎಂದು ಅವರಲ್ಲೊಬ್ಬ ಕೇಳಿದ. "ನ್ಯಾಯದ ವಿಷಯ ಆಮೇಲೆ ನೋಡೋಣ. ಮೊದಲು ನಿನ್ನ ಮೇಜಿನ ಮೇಲಿನ ಯಂತ್ರದ ಎಣಿಕೆ ಬರೆದುಕೋ" ಎಂದೆ. ಅಂದಿನ ಪ್ರಯೋಗ ಗೈಗರ್ ಗಣಕದ್ದು. ಆಕರವನ್ನು ಹತ್ತಿರ ಇಡುವ ಮೊದಲು ಹಿನ್ನೆಲೆ ವಿಕಿರಣವನ್ನು ಐದೈದು ಸೆಕೆಂಡುಗಳ ಅವಧಿಗೆ ಎಣಿಸಬೇಕಿತ್ತು. ಅವನಿಗೆ ಬಂದ ಸಂಖ್ಯೆಗಳು 2, 0, 1, 4, 1, 0, 3... "ಗಣಕ ಅದೇ, ಜಾಗ ಅದೇ, ಅವಧಿಯೂ ಅಷ್ಟೇ. ಆದರೂ ಎಣಿಕೆ ಯಾಕೆ ಸರ್ ಹೀಗೆ ಕುಣಿಯುತ್ತದೆ?" ಎಂಬುದು ಅವನ ಎರಡನೆಯ ಪ್ರಶ್ನೆಯಾಯಿತು.

ಅವನಿಗೆ ಗೊತ್ತಿರಲಿಲ್ಲ, ಆದರೆ ಅವನ ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ ಆಗಿತ್ತು. ಆ ಉತ್ತರವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಟೂರ್ನಿಯ ರಚನೆ

ಮೊದಲು ಟೂರ್ನಿಯ ಪರಿಚಯ ಮಾಡಿಕೊಳ್ಳೋಣ. ಯುರೋಪಿನ ಫುಟ್‌ಬಾಲ್ ಸಂಘಗಳ ಒಕ್ಕೂಟವಾದ ಯುಇಎಫ್‌ಎ ಇದನ್ನು ನಡೆಸುತ್ತದೆ. 1955-56ರಲ್ಲಿ 'ಯುರೋಪಿಯನ್ ಕಪ್' ಎಂಬ ಹೆಸರಿನಲ್ಲಿ ಆರಂಭವಾದ ಈ ಸ್ಪರ್ಧೆಗೆ 1992ರಲ್ಲಿ 'ಚಾಂಪಿಯನ್ಸ್ ಲೀಗ್' ಎಂಬ ಹೆಸರು ಬಂತು. 2024-25ರಿಂದ ಜಾರಿಗೆ ಬಂದ ರಚನೆಯಲ್ಲಿ 36 ತಂಡಗಳಿವೆ. ಪ್ರತಿಯೊಂದು ತಂಡವೂ ಎಂಟು ಬೇರೆ ಬೇರೆ ಎದುರಾಳಿಗಳೊಡನೆ ಎಂಟು ಲೀಗ್ ಪಂದ್ಯಗಳನ್ನು ಆಡುತ್ತದೆ. ಮೊದಲ ಎಂಟು ಸ್ಥಾನ ಪಡೆದವರು ನೇರವಾಗಿ 16ರ ಘಟ್ಟಕ್ಕೆ ಹೋಗುತ್ತಾರೆ. 9ರಿಂದ 24ರವರೆಗಿನವರು ಒಂದು ಪೂರ್ವಭಾವಿ ನಾಕೌಟ್ ಸುತ್ತು ಆಡಿ ಅವರನ್ನು ಸೇರಿಕೊಳ್ಳಬೇಕು.

ಅಲ್ಲಿಂದ ಮುಂದೆ ಸೋತವರು ಹೊರಗೆ. ಪೂರ್ವಭಾವಿ ಸುತ್ತು, 16ರ ಘಟ್ಟ, ಕ್ವಾರ್ಟರ್‌ಫೈನಲ್, ಸೆಮಿಫೈನಲ್‌ಗಳಲ್ಲಿ ಪ್ರತಿ ಜೋಡಿಯೂ ಎರಡು ಪಂದ್ಯ ಆಡುತ್ತದೆ: ಒಂದು ಈ ತಂಡದ ತವರಿನಲ್ಲಿ, ಇನ್ನೊಂದು ಆ ತಂಡದ ತವರಿನಲ್ಲಿ. ಎರಡರ ಗೋಲುಗಳನ್ನೂ ಕೂಡಿಸಿ ವಿಜೇತರನ್ನು ನಿರ್ಧರಿಸುತ್ತಾರೆ. ಫೈನಲ್ ಮಾತ್ರ ಮೊದಲೇ ಗೊತ್ತುಮಾಡಿದ ಅಂಗಳದಲ್ಲಿ ನಡೆಯುವ ಒಂದೇ ಪಂದ್ಯ. ಒಟ್ಟು ನಾಕೌಟ್ ಪಂದ್ಯಗಳು 16 + 16 + 8 + 4 + 1 = 45.

ಭೌತವಿಜ್ಞಾನಿಯ ಕಣ್ಣಿಗೆ ಇದೊಂದು ಮಾಪನ. ಅಳೆಯಬೇಕಾದ ರಾಶಿ ತಂಡಗಳ ಸಾಮರ್ಥ್ಯ. ಅಳೆಯುವ ಉಪಕರಣ ಪಂದ್ಯ. ಉಪಕರಣ ತೋರಿಸುವ ಸಂಖ್ಯೆ ಗೋಲು. ಹಾಗಾದರೆ ನಾವು ಕೇಳಲೇಬೇಕಾದ ಪ್ರಶ್ನೆ: ಈ ಮಾಪನದ ದೋಷ ಎಷ್ಟು?

ಗೋಲು ಎಂಬ ವಿರಳ ಘಟನೆ

ತೊಂಬತ್ತು ನಿಮಿಷಗಳ ಆಟದಲ್ಲಿ ಚೆಂಡು ನೂರಾರು ಸಲ ಕೈ ಬದಲಿಸುತ್ತದೆ (ಕಾಲು ಬದಲಿಸುತ್ತದೆ ಎನ್ನಬೇಕೇನೋ!). ಗೋಲಾಗುವ ಅವಕಾಶಗಳು ಅನೇಕ, ಆದರೆ ಪ್ರತಿಯೊಂದು ಅವಕಾಶವೂ ಗೋಲಾಗುವ ಸಂಭವನೀಯತೆ ಬಹಳ ಕಡಿಮೆ. ಅನೇಕ ಅವಕಾಶ, ಪ್ರತಿಯೊಂದರಲ್ಲೂ ಅಲ್ಪ ಸಂಭವನೀಯತೆ - ಇಂಥ ಘಟನೆಗಳ ಎಣಿಕೆಗೆ ಅನ್ವಯಿಸುವ ನಿಯಮವನ್ನು ಫ್ರಾನ್ಸಿನ ಗಣಿತಜ್ಞ ಪ್ವಾಸೋನ್ 1837ರಲ್ಲಿ ಪ್ರಕಟಿಸಿದ. 1898ರಲ್ಲಿ ಬೋರ್ಟ್‌ಕೀವಿಚ್, ಪ್ರಷ್ಯದ ಅಶ್ವದಳದಲ್ಲಿ ಕುದುರೆಯ ಒದೆತಕ್ಕೆ ಸಿಕ್ಕಿ ಸತ್ತ ಸೈನಿಕರ ವಾರ್ಷಿಕ ಸಂಖ್ಯೆ ಇದೇ ನಿಯಮವನ್ನು ಪಾಲಿಸುತ್ತದೆಂದು ತೋರಿಸಿದ.

ನಮಗೆ ಹೆಚ್ಚು ಆಪ್ತವಾದ ಉದಾಹರಣೆ 1910ರದು. ರುದರ್‌ಫರ್ಡ್ ಮತ್ತು ಗೈಗರ್ ವಿಕಿರಣಪಟು ಆಕರವೊಂದರಿಂದ ಹೊಮ್ಮುವ ಆಲ್ಫಾ ಕಣಗಳನ್ನು ಏಳೂವರೆ ಸೆಕೆಂಡುಗಳ 2608 ಅವಧಿಗಳಲ್ಲಿ ಎಣಿಸಿದರು. ಒಟ್ಟು ಕಣಗಳು 10,097. ಅಂದರೆ ಅವಧಿಗೆ ಸರಾಸರಿ 3.87. ಆದರೆ 57 ಅವಧಿಗಳಲ್ಲಿ ಒಂದು ಕಣವೂ ಬರಲಿಲ್ಲ. ಪ್ವಾಸೋನ್ ನಿಯಮದ ಪ್ರಕಾರ ಬರದೇ ಇರಬೇಕಾದ ಅವಧಿಗಳು 54! ಪರಮಾಣುವಿಗೆ ತನ್ನ ಸರದಿ ಯಾವಾಗ ಎಂಬುದು ತಿಳಿಯದು. ಆದರೂ ಗುಂಪಿನ ವರ್ತನೆಯಲ್ಲಿ ಇಷ್ಟು ಶಿಸ್ತು ಇರುತ್ತದೆ.

ನಿಯಮವನ್ನು ಬಳಸುವುದು ಸುಲಭ. ಸ್ವಾಭಾವಿಕ ಲಘುಗಣಕದ ಆಧಾರವಾದ 2.718ರ ಘಾತವಾಗಿ ಸರಾಸರಿಯನ್ನು ಋಣ ಚಿಹ್ನೆಯೊಡನೆ ಇಟ್ಟರೆ ಸೊನ್ನೆ ಗೋಲಿನ ಸಂಭವನೀಯತೆ ಸಿಗುತ್ತದೆ. ಅದನ್ನು ಸರಾಸರಿಯಿಂದ ಗುಣಿಸಿ 1ರಿಂದ ಭಾಗಿಸಿದರೆ ಒಂದು ಗೋಲಿನದು, ಬಂದದ್ದನ್ನು ಮತ್ತೆ ಸರಾಸರಿಯಿಂದ ಗುಣಿಸಿ 2ರಿಂದ ಭಾಗಿಸಿದರೆ ಎರಡು ಗೋಲಿನದು, ಹೀಗೆಯೇ ಮುಂದೆ. ಸಾಮಾನ್ಯ ಕ್ಯಾಲ್ಕ್ಯುಲೇಟರ್ ಸಾಕು.

ಈ ನಿಯಮದ ಒಂದು ಗುಣ ನಮಗೆ ಬಹಳ ಮುಖ್ಯ. ಎಣಿಕೆಯ ಮಾನಕ ವಿಚಲನೆ, ಸರಾಸರಿಯ ವರ್ಗಮೂಲಕ್ಕೆ ಸಮ. ಕಬಡ್ಡಿ ತಂಡವೊಂದು ಪಂದ್ಯಕ್ಕೆ ಸರಾಸರಿ 36 ಅಂಕ ಗಳಿಸುತ್ತದೆನ್ನೋಣ. ವರ್ಗಮೂಲ 6, ಅಂದರೆ ಏರಿಳಿತ ಸರಾಸರಿಯ ಶೇಕಡ 17ರಷ್ಟು. (ಕಬಡ್ಡಿಯಲ್ಲಿ ಒಮ್ಮೆಗೇ ಎರಡು ಮೂರು ಅಂಕ ಬರುವುದರಿಂದ ಇದು ಒರಟು ಲೆಕ್ಕ.) ಫುಟ್‌ಬಾಲ್ ತಂಡದ ಸರಾಸರಿ 1.5 ಗೋಲು. ವರ್ಗಮೂಲ 1.22; ಏರಿಳಿತ ಶೇಕಡ 82! ಫುಟ್‌ಬಾಲ್‌ನಲ್ಲಿ ಅನಿರೀಕ್ಷಿತ ಫಲಿತಾಂಶಗಳು ಹೆಚ್ಚು ಎಂಬ ಮಾತಿನ ಹಿಂದೆ ಆಟಗಾರರ ಮನಸ್ಸಿಗಿಂತ ಈ ಸಣ್ಣ ಸಂಖ್ಯೆಯ ಪಾತ್ರವೇ ದೊಡ್ಡದು.

ಈಗ ವಿದ್ಯಾರ್ಥಿಯ ಮೊದಲ ಪ್ರಶ್ನೆಗೆ ಬರೋಣ. ಸುಮಾರು ಹತ್ತು ಹೊಡೆತಕ್ಕೆ ಒಂದು ಗೋಲು ಎಂಬುದು ಒರಟು ಅಂದಾಜು. ಹಾಗಿದ್ದರೆ 27 ಹೊಡೆತಗಳೂ ವ್ಯರ್ಥವಾಗುವ ಸಂಭವನೀಯತೆ, 0.9ನ್ನು 27 ಸಲ ಗುಣಿಸಿದರೆ ಬರುವ 0.058. ಹದಿನೇಳು ಪಂದ್ಯಗಳಿಗೆ ಒಮ್ಮೆ ಆಗಬಹುದಾದದ್ದು. ವಿರಳ ನಿಜ, ವಿಸ್ಮಯವಲ್ಲ. ಆ ರಾತ್ರಿ ಒಂಬತ್ತು ಹೊಡೆತಗಳನ್ನು ತಡೆದ ಲಿವರ್‌ಪೂಲ್ ಗೋಲ್‌ಕೀಪರ್ ಅಲಿಸನ್ ಅವರ ಶ್ರಮವನ್ನು ಈ ಲೆಕ್ಕ ಕಡೆಗಣಿಸಿದೆ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಬಲಶಾಲಿ ಗೆಲ್ಲುವುದು ಎಷ್ಟು ಸಲ?

ಪಂದ್ಯಕ್ಕೆ ಸರಾಸರಿ 1.5 ಗೋಲು ಹೊಡೆಯುವ 'ಅ' ತಂಡ, 1.0 ಗೋಲು ಹೊಡೆಯುವ 'ಬ' ತಂಡ - ಇವೆರಡರ ನಡುವೆ ಪಂದ್ಯ ನಡೆಯಲಿ. 'ಅ' ತಂಡ ಒಂದೂವರೆ ಪಟ್ಟು ಬಲಶಾಲಿ. ಇದು ಕಡಿಮೆ ಅಂತರವಲ್ಲ. ಪ್ವಾಸೋನ್ ನಿಯಮದಿಂದ ಎಲ್ಲ ಗೋಲು ಸಂಖ್ಯೆಗಳ ಜೋಡಿಗಳನ್ನೂ ಲೆಕ್ಕ ಹಾಕಿ ಕೂಡಿಸಿದಾಗ ಬರುವ ಶೇಕಡಾವಾರು ಹೀಗಿದೆ:

ಒಂದು ಪಂದ್ಯ: 'ಅ' ಗೆಲುವು 48.8, ಸಮ 26.0, 'ಬ' ಗೆಲುವು 25.2
ಎರಡು ಪಂದ್ಯಗಳ ಮೊತ್ತ: 'ಅ' ಗೆಲುವು 58.5, ಸಮ 16.8, 'ಬ' ಗೆಲುವು 24.7

ಒಂದೇ ಪಂದ್ಯದಲ್ಲಿ ಬಲಶಾಲಿಯ ಗೆಲುವು ಅರ್ಧಕ್ಕಿಂತ ಕಡಿಮೆ ಎಂಬುದನ್ನು ಗಮನಿಸಿ. ಸಮವಾದಾಗ ಇಬ್ಬರಿಗೂ ಅರ್ಧರ್ಧ ಅವಕಾಶ ಎಂದಿಟ್ಟುಕೊಂಡರೆ, 'ಅ' ಮುಂದಿನ ಸುತ್ತಿಗೆ ಹೋಗುವ ಸಂಭವನೀಯತೆ ಒಂದು ಪಂದ್ಯದಿಂದ ಶೇಕಡ 62, ಎರಡರಿಂದ ಶೇಕಡ 67.

ಇದರ ಒಳಗುಟ್ಟು ಸರಳ. ಒಂದು ಪಂದ್ಯದಲ್ಲಿ ಗೋಲುಗಳ ವ್ಯತ್ಯಾಸದ ಸರಾಸರಿ 1.5 - 1.0 = 0.5. ವ್ಯತ್ಯಾಸದ ಮಾನಕ ವಿಚಲನೆ 1.5 + 1.0ರ, ಅಂದರೆ 2.5ರ ವರ್ಗಮೂಲ: 1.58. ನಾವು ಹುಡುಕುತ್ತಿರುವ ಸಂಕೇತ 0.5, ಅದನ್ನು ಮುಚ್ಚುವ ಗದ್ದಲ 1.58. ಪಂದ್ಯಗಳ ಸಂಖ್ಯೆ ಹೆಚ್ಚಿದಂತೆ ಸಂಕೇತ ಅದೇ ಪ್ರಮಾಣದಲ್ಲಿ ಬೆಳೆಯುತ್ತದೆ. ಗದ್ದಲ ಮಾತ್ರ ವರ್ಗಮೂಲದ ಪ್ರಮಾಣದಲ್ಲಿ ಬೆಳೆಯುತ್ತದೆ. ಹತ್ತು ಪಂದ್ಯಗಳಾದಾಗ ಸಂಕೇತ 5, ಗದ್ದಲವೂ 25ರ ವರ್ಗಮೂಲವಾದ 5. ಎರಡೂ ಸಮವಾಗುವುದಕ್ಕೇ ಹತ್ತು ಪಂದ್ಯ ಬೇಕು! ಆಗಲೂ ಬಲಶಾಲಿ ಮುಂದಿರುವ ಸಂಭವನೀಯತೆ ಸುಮಾರು ಶೇಕಡ 84. ಶೇಕಡ 95 ಭರವಸೆ ಬೇಕಾದರೆ ಇದೇ ಇಬ್ಬರು ಎದುರಾಳಿಗಳು ಸುಮಾರು 27 ಪಂದ್ಯ ಆಡಬೇಕು. ನಾಕೌಟ್‌ನಲ್ಲಿ ಅವರು ಆಡುವುದು ಎರಡು.

ಇಡೀ ಟೂರ್ನಿಗೆ ಈ ಲೆಕ್ಕವನ್ನು ವಿಸ್ತರಿಸೋಣ. 'ಅ' ತಂಡಕ್ಕೆ ಎದುರಾದವರೆಲ್ಲರೂ 'ಬ'ದಷ್ಟೇ ಬಲದವರೆಂದು ಭಾವಿಸಿ. 16ರ ಘಟ್ಟದಿಂದ ಸೆಮಿಫೈನಲ್‌ವರೆಗೆ ಮೂರು ಜೋಡಿ ಪಂದ್ಯಗಳನ್ನೂ ಒಂದು ಫೈನಲನ್ನೂ ದಾಟುವ ಸಂಭವನೀಯತೆ 0.67 × 0.67 × 0.67 × 0.62, ಸುಮಾರು 0.19. ಎಲ್ಲ ಎದುರಾಳಿಗಳಿಗಿಂತ ಸ್ಪಷ್ಟವಾಗಿ ಮೇಲಿರುವ ತಂಡಕ್ಕೂ ಕಪ್ ಸಿಗುವುದು ಐದು ವರ್ಷಕ್ಕೊಮ್ಮೆ ಎಂದಾಯಿತು. ಹಾಗೆಂದು ಮಿಕ್ಕ ನಾಲ್ಕು ವರ್ಷ ಗೆದ್ದವರು ಅನರ್ಹರೆಂದಲ್ಲ. ಗೆಲುವೊಂದರಿಂದಲೇ 'ಇವರೇ ಅತ್ಯುತ್ತಮರು' ಎಂದು ತೀರ್ಮಾನಿಸಲಾಗದು ಎಂದಷ್ಟೇ ಅರ್ಥ.

ಎರಡು ಅಂಗಳ, ಮೀಟರ್ ಬ್ರಿಡ್ಜ್‌ನ ಎರಡು ಕಿಂಡಿ

ಎರಡು ಪಂದ್ಯಗಳ ವ್ಯವಸ್ಥೆಗೆ ಇನ್ನೊಂದು ಉದ್ದೇಶವಿದೆ. ತವರಿನ ಅಂಗಳದಲ್ಲಿ ಆಡುವವರಿಗೆ ಅನುಕೂಲ ಹೆಚ್ಚು: ಪ್ರೇಕ್ಷಕರ ಬೆಂಬಲ, ಪರಿಚಿತ ನೆಲ, ಪ್ರಯಾಣದ ದಣಿವಿಲ್ಲ. ಇದು ಏರಿಳಿತವಲ್ಲ, ಯಾವಾಗಲೂ ಒಂದೇ ಕಡೆಗೆ ವಾಲುವ ವ್ಯವಸ್ಥಿತ ದೋಷ.

ಪಿಯುಸಿಯಲ್ಲಿ ಮೀಟರ್ ಬ್ರಿಡ್ಜ್ ಪ್ರಯೋಗ ಮಾಡಿದವರಿಗೆ ಪರಿಹಾರ ನೆನಪಿರಬಹುದು. ಅಜ್ಞಾತ ರೋಧವನ್ನು ಮೊದಲು ಎಡಗಡೆಯ ಕಿಂಡಿಯಲ್ಲಿ, ಆಮೇಲೆ ಬಲಗಡೆಯ ಕಿಂಡಿಯಲ್ಲಿ ಇಟ್ಟು ಎರಡು ವಾಚನಗಳ ಸರಾಸರಿ ತೆಗೆದುಕೊಳ್ಳುತ್ತೇವೆ. ತಂತಿಯ ತುದಿಗಳ ಅಸಮಾನತೆಯಿಂದ ಬರುವ ದೋಷ ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆಯಾಗಿ ಬಹುಮಟ್ಟಿಗೆ ರದ್ದಾಗುತ್ತದೆ. ತವರು ಬದಲಿಸಿ ಆಡುವುದೂ ಇದೇ ಉಪಾಯ. ಹೀಗೆ ಎರಡು ಪಂದ್ಯಗಳ ವ್ಯವಸ್ಥೆ ವ್ಯವಸ್ಥಿತ ದೋಷವನ್ನು ರದ್ದುಮಾಡುತ್ತದೆ, ಯಾದೃಚ್ಛಿಕ ದೋಷವನ್ನು ಸಂಕೇತಕ್ಕೆ ಹೋಲಿಸಿದರೆ 2ರ ವರ್ಗಮೂಲದಷ್ಟು ತಗ್ಗಿಸುತ್ತದೆ. ಮೊದಲನೆಯದನ್ನು ಅದು ಚೆನ್ನಾಗಿ ಮಾಡುತ್ತದೆ, ಎರಡನೆಯದನ್ನು ಅಲ್ಪಸ್ವಲ್ಪ. ವ್ಯವಸ್ಥಿತ ದೋಷಕ್ಕೆ ಜಾಣತನದ ಮದ್ದಿದೆ, ಯಾದೃಚ್ಛಿಕ ದೋಷಕ್ಕೆ ಹೆಚ್ಚು ಎಣಿಕೆಯ ಹೊರತು ಬೇರೆ ಮದ್ದಿಲ್ಲ ಎಂದು ನಾವು ಪ್ರಯೋಗಾಲಯದಲ್ಲಿ ಹೇಳುವ ಮಾತು ಇಲ್ಲಿಯೂ ನಿಜ.

ಸಮವಾದರೆ ಏನು ಗತಿ?

ಎರಡು ಪಂದ್ಯಗಳ ಮೊತ್ತವೂ ಸಮವಾಗುವ ಸಂಭವನೀಯತೆ ಮೇಲಿನ ಲೆಕ್ಕದಲ್ಲಿ ಶೇಕಡ 17. ಆರು ಜೋಡಿಗಳಲ್ಲಿ ಒಂದಕ್ಕೆ ಈ ಸಂಕಟ. ಹಿಂದೆ ತಟಸ್ಥ ಅಂಗಳದಲ್ಲಿ ಮೂರನೆಯ ಪಂದ್ಯ ಆಡಿಸುತ್ತಿದ್ದರು. ಅದೂ ಸಮವಾದರೆ ಟಾಸ್. 1965ರ ಕ್ವಾರ್ಟರ್‌ಫೈನಲ್‌ನಲ್ಲಿ ಲಿವರ್‌ಪೂಲ್ ಮತ್ತು ಜರ್ಮನಿಯ ಕಲೋನ್ ತಂಡಗಳು 0-0, 0-0 ಆದ ಮೇಲೆ ರಾಟರ್‌ಡ್ಯಾಮ್‌ನಲ್ಲಿ 2-2 ಮಾಡಿಕೊಂಡವು. ಟಾಸ್ ಹಾಕಿದಾಗ ಮೊದಲ ಸಲ ಬಿಲ್ಲೆ ಕೆಸರಿನಲ್ಲಿ ನೆಟ್ಟಗೆ ನಿಂತುಬಿಟ್ಟಿತಂತೆ. ಎರಡನೆಯ ಸಲ ಲಿವರ್‌ಪೂಲ್‌ಗೆ ಒಲಿಯಿತು.

ಇಂಥ ಪ್ರಸಂಗಗಳನ್ನು ತಪ್ಪಿಸಲು 1965-66ರಲ್ಲಿ, ಯುಇಎಫ್‌ಎಯ ಇನ್ನೊಂದು ಟೂರ್ನಿಯಾದ ಕಪ್ ವಿಜೇತರ ಕಪ್‌ನಲ್ಲಿ, ಹೊಸ ನಿಯಮವೊಂದು ಬಂತು. ಮೊತ್ತ ಸಮವಾದರೆ ಎದುರಾಳಿಯ ಅಂಗಳದಲ್ಲಿ ಹೆಚ್ಚು ಗೋಲು ಹೊಡೆದವರೇ ವಿಜೇತರು. ಮುಂದೆ ಇದು ಯುರೋಪಿಯನ್ ಕಪ್‌ಗೂ ಬಂತು. ಪರ ಅಂಗಳದಲ್ಲಿ ಗೋಲು ಹೊಡೆಯುವುದು ಕಷ್ಟ, ಆದ್ದರಿಂದ ಅದಕ್ಕೆ ಹೆಚ್ಚು ತೂಕ ಎಂಬುದು ವಾದ. ಕೇಳಲು ಸರಿ ಎನಿಸುತ್ತದೆ. ಆದರೆ ಅಂಗಳ ಬದಲಿಸಿ ಆಡಿಸಿದಾಗಲೇ ಆ ದೋಷ ರದ್ದಾಗಿದೆ! ರದ್ದಾದದ್ದಕ್ಕೆ ಮತ್ತೊಮ್ಮೆ ತಿದ್ದುಪಡಿ ಹಾಕಿದಂತಾಯಿತು. 2003ರ ಸೆಮಿಫೈನಲ್‌ನಲ್ಲಿ ಇದರ ವಿಚಿತ್ರ ರೂಪ ಕಂಡುಬಂತು. ಇಟಲಿಯ ಎಸಿ ಮಿಲಾನ್ ಮತ್ತು ಇಂಟರ್ ಮಿಲಾನ್ ಎರಡಕ್ಕೂ ತವರು ಒಂದೇ ಕ್ರೀಡಾಂಗಣ. ಮೊದಲ ಪಂದ್ಯ 0-0, ಎರಡನೆಯದು 1-1. ಎರಡನೆಯ ಪಂದ್ಯಕ್ಕೆ ಕಾಗದದ ಮೇಲೆ ಇಂಟರ್ ಆತಿಥೇಯ. ಹಾಗಾಗಿ ಎಸಿ ಮಿಲಾನ್‌ನ ಗೋಲು 'ಪರ ಅಂಗಳದ ಗೋಲು' ಎನಿಸಿತು. ತನ್ನದೇ ಕ್ರೀಡಾಂಗಣದಲ್ಲಿ ಹೊಡೆದ ಆ ಗೋಲಿನಿಂದ ಅದು ಫೈನಲ್ ಸೇರಿ ಕಪ್ಪನ್ನೂ ಗೆದ್ದಿತು.

2021ರ ಜೂನ್‌ನಲ್ಲಿ ಯುಇಎಫ್‌ಎ ಈ ನಿಯಮವನ್ನು ಕೈಬಿಟ್ಟಿತು. ಆಗ ಅದು ಕೊಟ್ಟ ಅಂಕಿಗಳು ಬೋಧಪ್ರದವಾಗಿವೆ. 1970ರ ದಶಕದ ಮಧ್ಯಭಾಗದಿಂದ ಅಂದಿನವರೆಗೆ ಆತಿಥೇಯರ ಗೆಲುವು ಶೇಕಡ 61ರಿಂದ 47ಕ್ಕೆ ಇಳಿದಿತ್ತು, ಅತಿಥಿಗಳ ಗೆಲುವು ಶೇಕಡ 19ರಿಂದ 30ಕ್ಕೆ ಏರಿತ್ತು. ಪಂದ್ಯಕ್ಕೆ ಆತಿಥೇಯರ ಸರಾಸರಿ ಗೋಲು 2.02ರಿಂದ 1.58ಕ್ಕೆ ಬಂದಿತ್ತು, ಅತಿಥಿಗಳದು 0.95ರಿಂದ 1.15ಕ್ಕೆ ಹೋಗಿತ್ತು. ತಿದ್ದಬೇಕಾದ ದೋಷವೇ ಕುಗ್ಗಿದಾಗ ಹಳೆಯ ತಿದ್ದುಪಡಿ ತಾನೇ ದೋಷವಾಗುತ್ತದೆ. ಉಪಕರಣಗಳನ್ನು ಆಗಾಗ ಮರು ಅಂಶಾಂಕನ ಮಾಡಬೇಕೆನ್ನುವುದು ಇದಕ್ಕೇ.

ಈಗ ಮೊತ್ತ ಸಮವಾದರೆ 30 ನಿಮಿಷಗಳ ಹೆಚ್ಚುವರಿ ಅವಧಿ, ಆಮೇಲೆ ಪೆನಾಲ್ಟಿ ಹೊಡೆತಗಳು. ಟಾಸ್ ಬದಲಿಗೆ ಪೆನಾಲ್ಟಿ ಸರಣಿ ಆಟದ ನಿಯಮಗಳಲ್ಲಿ ಸೇರಿದ್ದು 1970ರಲ್ಲಿ. ಪೆನಾಲ್ಟಿಯಲ್ಲಿ ಚೆಂಡಿನಿಂದ ಗೋಲಿನ ಗೆರೆಗೆ 11 ಮೀಟರ್. ಗಂಟೆಗೆ 90 ಕಿ.ಮೀ., ಅಂದರೆ ಸೆಕೆಂಡಿಗೆ 25 ಮೀಟರ್ ವೇಗದ ಚೆಂಡು ಈ ದೂರವನ್ನು 0.44 ಸೆಕೆಂಡಿನಲ್ಲಿ ಕ್ರಮಿಸುತ್ತದೆ. ಕಂಡದ್ದಕ್ಕೆ ದೇಹ ಸ್ಪಂದಿಸಲು ಶುರುಮಾಡುವುದಕ್ಕೇ ಸುಮಾರು 0.2 ಸೆಕೆಂಡು ಬೇಕು. ಉಳಿದ ಕಾಲು ಸೆಕೆಂಡಿನಲ್ಲಿ 7.32 ಮೀಟರ್ ಅಗಲದ ಗೋಲಿನ ಮೂಲೆ ಮುಟ್ಟುವುದು ಅಸಾಧ್ಯ. ಆದ್ದರಿಂದ ಗೋಲ್‌ಕೀಪರ್ ಹೊಡೆತಕ್ಕೆ ಮೊದಲೇ ಊಹಿಸಿ ಹಾರಬೇಕು.

ಪೆನಾಲ್ಟಿಗಳಲ್ಲಿ ಸುಮಾರು ನಾಲ್ಕಕ್ಕೆ ಮೂರು ಗೋಲಾಗುತ್ತವೆ. ಒಂದು ತಂಡದ ಯಶಸ್ಸು ಶೇಕಡ 76, ಇನ್ನೊಂದರದು 74 ಎಂದಿಟ್ಟುಕೊಳ್ಳಿ. ಐದೈದು ಹೊಡೆತಗಳಲ್ಲಿ ನಿರೀಕ್ಷಿತ ವ್ಯತ್ಯಾಸ 0.1 ಗೋಲು, ಗದ್ದಲ 1.37 ಗೋಲು. ಹದಿನಾಲ್ಕು ಪಟ್ಟು! ಪೆನಾಲ್ಟಿಗೂ ಕೌಶಲ, ಧೈರ್ಯ ಎರಡೂ ಬೇಕು, ನಿಜ. ಆದರೆ ಹತ್ತು ಹೊಡೆತಗಳಿಂದ ಆ ಕೌಶಲದ ಸಣ್ಣ ವ್ಯತ್ಯಾಸವನ್ನು ಅಳೆಯಲಾಗದು.

ಮಾದರಿಯ ಮಿತಿಗಳು

ಪ್ವಾಸೋನ್ ನಿಯಮ ಗೋಲುಗಳು ಪರಸ್ಪರ ಸ್ವತಂತ್ರವೆಂದು ಭಾವಿಸುತ್ತದೆ. ಆಲ್ಫಾ ಕಣಗಳಿಗೆ ಇದು ಸರಿ. ಹಿಂದಿನ ಕಣ ಯಾವಾಗ ಹೊರಟಿತೆಂಬುದು ಮುಂದಿನದಕ್ಕೆ ತಿಳಿಯದು. ಆಟಗಾರರಿಗೆ ತಿಳಿಯುತ್ತದೆ. ಮುಂದಿರುವವರು ರಕ್ಷಣೆಗೆ ಇಳಿಯುತ್ತಾರೆ, ಹಿಂದಿರುವವರು ಎಲ್ಲವನ್ನೂ ಪಣಕ್ಕಿಟ್ಟು ಮುನ್ನುಗ್ಗುತ್ತಾರೆ.

2017ರಲ್ಲಿ ಬಾರ್ಸಿಲೋನಾ ತಂಡ ಪ್ಯಾರಿಸ್ಸಿನಲ್ಲಿ ಇದೇ ಪಿಎಸ್‌ಜಿಗೆ 0-4ರಿಂದ ಸೋತಿತ್ತು. ತವರಿನ ಪಂದ್ಯದಲ್ಲಿ 87 ನಿಮಿಷಗಳಾದಾಗ 3-1ರಿಂದ ಮುಂದಿತ್ತಾದರೂ ಮೊತ್ತದಲ್ಲಿ 3-5ರ ಹಿನ್ನಡೆ. ಪರ ಅಂಗಳದ ಗೋಲಿನ ನಿಯಮ ಆಗ ಇದ್ದುದರಿಂದ ಇನ್ನೂ ಮೂರು ಗೋಲು ಬೇಕಿತ್ತು. ಆ ಮೂರೂ ಕೊನೆಯ ಎಂಟು ನಿಮಿಷಗಳಲ್ಲಿ ಬಂದವು. ಅಂತಿಮ ಮೊತ್ತ 6-5. ಪಂದ್ಯಕ್ಕೆ 2.5 ಗೋಲಿನ ಸ್ಥಿರ ದರವಿದ್ದರೆ ಎಂಟು ನಿಮಿಷಗಳಲ್ಲಿ ಮೂರು ಅಥವಾ ಹೆಚ್ಚು ಗೋಲು ಹೊಡೆಯುವ ಸಂಭವನೀಯತೆ ಸಾವಿರಕ್ಕೆ ಒಂದೂವರೆ. ಆದರೆ ಆ ನಿಮಿಷಗಳಲ್ಲಿ ದರ ಸ್ಥಿರವಾಗಿರಲಿಲ್ಲ. ಅಲ್ಲದೆ ಸಾವಿರಾರು ಪಂದ್ಯಗಳಲ್ಲಿ ನಮಗೆ ನೆನಪಿರುವುದು ಇಂಥ ಒಂದೆರಡೇ ಎಂಬುದನ್ನೂ ಮರೆಯಬಾರದು. ಫಲಿತಾಂಶ ನೋಡಿದ ಮೇಲೆ ಆರಿಸಿಕೊಂಡ ಉದಾಹರಣೆಯಿಂದ ನಿಯಮವನ್ನು ಪರೀಕ್ಷಿಸುವುದು ಸರಿಯಲ್ಲ.

ಇನ್ನೊಂದು ಮಿತಿ: ತಂಡದ ಸಾಮರ್ಥ್ಯ ಸ್ಥಿರ ರಾಶಿಯಲ್ಲ. ಆಟಗಾರರು ಗಾಯಗೊಳ್ಳುತ್ತಾರೆ, ಹೊಸಬರು ಬರುತ್ತಾರೆ. ಹೆಚ್ಚು ಪಂದ್ಯ ಆಡಿಸಿ ದೋಷ ತಗ್ಗಿಸೋಣವೆಂದರೆ ಅಷ್ಟರಲ್ಲಿ ಅಳೆಯುತ್ತಿರುವ ವಸ್ತುವೇ ಬದಲಾಗಿರುತ್ತದೆ.

2025ರ ಕಥೆಯ ಉಳಿದ ಭಾಗ

ನಮ್ಮ ವಿದ್ಯಾರ್ಥಿಯ ಪಿಎಸ್‌ಜಿ ಏನಾಯಿತು? ಆ ವರ್ಷದ ಲೀಗ್ ಹಂತದಲ್ಲಿ ಲಿವರ್‌ಪೂಲ್ 24ಕ್ಕೆ 21 ಅಂಕ ಗಳಿಸಿ ಮೊದಲ ಸ್ಥಾನದಲ್ಲಿತ್ತು. ಪಿಎಸ್‌ಜಿ 13 ಅಂಕಗಳೊಡನೆ 15ನೇ ಸ್ಥಾನ. ಪ್ಯಾರಿಸ್ಸಿನಲ್ಲಿ ಸೋತ ಆರು ದಿನಗಳ ಮೇಲೆ ಲಿವರ್‌ಪೂಲ್‌ನ ಅಂಗಳದಲ್ಲಿ ಅದು 1-0ರಿಂದ ಗೆದ್ದಿತು, ಮೊತ್ತ 1-1. ಎರಡು ಪಂದ್ಯಗಳಲ್ಲೂ ಗೆದ್ದವರು ಅತಿಥಿಗಳೇ! ಪೆನಾಲ್ಟಿಯಲ್ಲಿ ಪಿಎಸ್‌ಜಿ 4-1ರಿಂದ ಗೆದ್ದು ಮುಂದೆ ಹೋಯಿತು. ಮೇ 31ರಂದು ಮ್ಯೂನಿಕ್‌ನಲ್ಲಿ ನಡೆದ ಫೈನಲ್‌ನಲ್ಲಿ ಇಂಟರ್ ಮಿಲಾನ್ ತಂಡವನ್ನು 5-0ರಿಂದ ಸೋಲಿಸಿ ಮೊದಲ ಬಾರಿಗೆ ಕಪ್ ಎತ್ತಿತು. ಅದೇ ಪಿಎಸ್‌ಜಿ ಜುಲೈ 13ರಂದು ಅಮೆರಿಕದಲ್ಲಿ ನಡೆದ ಕ್ಲಬ್ ವಿಶ್ವಕಪ್ ಫೈನಲ್‌ನಲ್ಲಿ ಚೆಲ್ಸಿಗೆ 0-3ರಿಂದ ಸೋತಿತು.

ಯುರೋಪಿನ ಅತ್ಯುತ್ತಮ ತಂಡ ಯಾವುದು? ಎಂಟು ಪಂದ್ಯಗಳ ಲೀಗ್ ಲಿವರ್‌ಪೂಲ್ ಎಂದಿತು, ನಾಕೌಟ್ ಪಿಎಸ್‌ಜಿ ಎಂದಿತು, ಜುಲೈನ ಒಂದು ಸಂಜೆ ಚೆಲ್ಸಿ ಎಂದಿತು. ಎಣಿಕೆ ಚಿಕ್ಕದಾಗಿರುವಾಗ ಒಂದೊಂದು ವಾಚನ ಒಂದೊಂದು ಉತ್ತರ ಕೊಡುವುದು ಸಹಜ. ವಿದ್ಯಾರ್ಥಿಯ ಗಣಕವೂ 2, 0, 1, 4 ಎಂದಿತ್ತಲ್ಲವೇ?

ತರಗತಿಯಲ್ಲಿ ಮಾಡಿ ನೋಡಿ

ಶಿಕ್ಷಕರು ಇದನ್ನು ಸುಲಭವಾಗಿ ಪ್ರಯೋಗವಾಗಿಸಬಹುದು. ಲೂಡೊ ಆಟದ 15 ದಾಳಗಳು ಸಾಕು. 'ಅ' ತಂಡದವರು 9 ದಾಳ, 'ಬ' ತಂಡದವರು 6 ದಾಳ ಎಸೆಯಲಿ. ಆರು ಬಿದ್ದ ಪ್ರತಿ ದಾಳವೂ ಒಂದು ಗೋಲು. ಸರಾಸರಿಗಳು ತಾವಾಗಿಯೇ 1.5 ಮತ್ತು 1.0 ಆಗುತ್ತವೆ. (ದಾಳಗಳು ಕಡಿಮೆಯಿದ್ದರೆ ಒಂದನ್ನೇ 15 ಸಲ ಎಸೆಯಬಹುದು.) ಲೆಕ್ಕದ ಪ್ರಕಾರ 'ಅ' ಗೆಲುವು ಶೇಕಡ 49, ಸಮ 27, 'ಬ' ಗೆಲುವು 24, ಪ್ವಾಸೋನ್ ಉತ್ತರಕ್ಕೆ ಬಹಳ ಹತ್ತಿರ.

ಪ್ರತಿ ಗುಂಪೂ ಮೊದಲು ಎರಡೇ ಪಂದ್ಯ ಆಡಿ ವಿಜೇತರನ್ನು ಕಪ್ಪುಹಲಗೆಯ ಮೇಲೆ ಬರೆಯಲಿ. ನಾಲ್ಕಕ್ಕೆ ಒಂದು ಗುಂಪಿನಲ್ಲಾದರೂ ಆರು ದಾಳದ ತಂಡ ಗೆದ್ದಿರುತ್ತದೆ. ಆ ತಂಡದ ವಿದ್ಯಾರ್ಥಿಗಳನ್ನು ಗೆಲುವಿನ ಕಾರಣ ಕೇಳಿ. ದಾಳ ಹಿಡಿದ ಕೈಯ ಬಗ್ಗೆ, ಎಸೆದ ರೀತಿಯ ಬಗ್ಗೆ ವಿವರಣೆಗಳು ಬರುತ್ತವೆ! ಆಮೇಲೆ 27 ಪಂದ್ಯ ಆಡಿಸಿ ಮೊತ್ತ ನೋಡಲು ಹೇಳಿ. ವಿವರಣೆಗಳು ಕರಗುವುದನ್ನು ಅವರೇ ಕಾಣುತ್ತಾರೆ.

ಕೊನೆಯದಾಗಿ ಒಂದು ಮಾತು. ಫುಟ್‌ಬಾಲ್ ಟೂರ್ನಿಗೆ ಈ ದೋಷ ಹೊರೆಯಲ್ಲ. ಬಲಶಾಲಿಯೇ ಯಾವಾಗಲೂ ಗೆಲ್ಲುವಂತಿದ್ದರೆ ರಾತ್ರಿ ಒಂದೂವರೆಗೆ ಎದ್ದು ಕೂರುವವರು ಯಾರು? ಆದರೆ ನಾವು ಶಿಕ್ಷಕರೂ ಅಳೆಯುವವರೇ. ಹತ್ತು ಪ್ರಶ್ನೆಗಳ ಕಿರುಪರೀಕ್ಷೆಯಲ್ಲಿ ಒಬ್ಬಳಿಗೆ 7, ಇನ್ನೊಬ್ಬನಿಗೆ 6 ಅಂಕ. ಪ್ರಶ್ನೆಗೆ ಸರಿ ಉತ್ತರ ಕೊಡುವ ಸಂಭವನೀಯತೆ ಇಬ್ಬರದೂ 0.65 ಎಂದೇ ಇದ್ದರೂ, ಅವರ ಅಂಕಗಳ ವ್ಯತ್ಯಾಸದ ಮಾನಕ ವಿಚಲನೆ 2.1 ಬರುತ್ತದೆ. ಒಂದು ಅಂಕದ ಅಂತರ ಏನನ್ನೂ ಹೇಳುವುದಿಲ್ಲ. ಆದರೂ ಅಂಥ ಅಂತರದ ಮೇಲೆ ನಾವು ಸ್ಥಾನ ಕೊಡುತ್ತೇವೆ, ಕೆಲವೊಮ್ಮೆ ಹಣೆಪಟ್ಟಿಯನ್ನೂ ಹಚ್ಚುತ್ತೇವೆ. ಪಿಎಸ್‌ಜಿಗೆ ಆರು ದಿನಗಳಲ್ಲಿ ಎರಡನೆಯ ಪಂದ್ಯವಾದರೂ ಇತ್ತು. ಒಂದೇ ಪರೀಕ್ಷೆಯಲ್ಲಿ ಎಡವಿದ ಹುಡುಗನಿಗೆ ಎರಡನೆಯ ಪಂದ್ಯವನ್ನು ಏರ್ಪಡಿಸುವುದು ನಮ್ಮ ಕೈಯಲ್ಲೇ ಇದೆ.

ಅಂದು ಪ್ರಯೋಗಾಲಯದಲ್ಲಿ ಆ ವಿದ್ಯಾರ್ಥಿಗೆ ನಾನು ಹೇಳಿದ್ದು ಇಷ್ಟೇ: "ಇನ್ನೂ ನೂರು ಅವಧಿ ಎಣಿಸು. ಆಮೇಲೆ ಮಾತಾಡೋಣ."